ಗೋಮಾಳದಲ್ಲಿ ನಾನು ಹಾಕಿದ ತಪ್ಪು ಬೇಲಿ

ವರ್ಷಕ್ಕೊಂದು ಸಲ, ರಾಗಿ ಕೊಯ್ಲು ಮುಗಿದ ಮೇಲೆ, ನಾವೊಂದಿಷ್ಟು ಜನ ಊರ ಗೋಮಾಳದ ಗಡಿ ಸುತ್ತುತ್ತೇವೆ. ಕೈಯಲ್ಲಿ ಗ್ರಾಮ ನಕ್ಷೆಯ ಜೆರಾಕ್ಸ್, ಫೋನಿನಲ್ಲಿ ದಿಶಾಂಕ್ ಆ್ಯಪ್, ಜೊತೆಗೊಂದು ಮಚ್ಚು. ನಿಂತ ಜಾಗ ಯಾವ ಸರ್ವೆ ನಂಬರ್ ಅಂತ ಆ್ಯಪ್ ತೋರಿಸುತ್ತದೆ. ಹಾಗಂತ ಅದನ್ನೇ ನಂಬಿ ಪಕ್ಕದ ಹೊಲದವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಸ್ವಲ್ಪ ಆಚೀಚೆ ತೋರಿಸುವುದುಂಟು. ಗಡಿ ಕಲ್ಲು ಕಾಣದ ಕಡೆ ಗುರುತು ಹಾಕಿಕೊಂಡು ಬಂದು ಸರ್ವೆಗೆ ಅರ್ಜಿ ಕೊಡುತ್ತೇವೆ.

ಮೊದಲ ವರ್ಷ ನನಗೆ ಸುತ್ತಾಡುವ ತಾಳ್ಮೆ ಇರಲಿಲ್ಲ. ನಕ್ಷೆ ನೋಡಿ ಮೂರನೇ ಒಂದು ಭಾಗ ಆರಿಸಿದೆ. ಮುಂಗಾರಿನಿಂದ ಹುಲ್ಲು ಬೀಜ ಉದುರಿಸುವವರೆಗೆ ಅಲ್ಲಿ ಮೇಯಿಸಬಾರದು ಅಂತ ತೀರ್ಮಾನ ಮಾಡಿಸಿ, ಸುತ್ತ ಜಾಲಿ ಮುಳ್ಳು ಹಾಕಿಸಿದೆ. ವಾರ ಕಳೆಯುವುದರೊಳಗೆ ಎರಡು ಕಡೆ ಬೇಲಿ ಕಿತ್ತಿತ್ತು. ಒಳಗೆಲ್ಲ ಕುರಿ ಹಿಕ್ಕೆ. ನನಗೆ ಸಿಟ್ಟು ಬಂತು, ದಂಡ ಹಾಕೋಣ ಅಂದೆ.

ಕುರಿ ಕಾಯುವ ತಾತ ಒಬ್ಬರು ನನ್ನನ್ನು ಕರೆದುಕೊಂಡು ಹೋದರು. ಕಿತ್ತ ಜಾಗದಿಂದ ನೇರ ನಡೆದರೆ ಗೋಕಟ್ಟೆ. "ನೀನು ಮುಚ್ಚಿದ್ದು ಹುಲ್ಲನ್ನಲ್ಲ ಕಣಪ್ಪ, ನೀರಿನ ದಾರೀನ" ಅಂದರು. ನಕ್ಷೆಯಲ್ಲಿ ಕಟ್ಟೆ ಇತ್ತು. ಕುರಿ ಹೋಗುವ ದಾರಿ ಇರಲಿಲ್ಲ, ಅಲ್ವಾ!

ಬೇಲಿ ನಾವೇ ತೆಗೆದೆವು. ಆಮೇಲೆ ಕುರಿ, ದನ ಇರುವ ಮನೆಯವರನ್ನೇ ಕರೆದುಕೊಂಡು ಸುತ್ತಿದೆವು. ಈಗ ಮುಚ್ಚುವ ಭಾಗ ಪ್ರತಿ ವರ್ಷ ಬದಲಾಗುತ್ತದೆ, ಕಟ್ಟೆಯ ದಾರಿ ಯಾವಾಗಲೂ ತೆರೆದಿರುತ್ತದೆ. ಬೇಲಿ ಬರೀ ಗುರುತಿಗೆ.

ಲಂಟಾನ ಅನ್ನುವ ಕಳೆ ಪೊದೆ ಇನ್ನೊಂದು ತಲೆನೋವು. ಸುಮ್ನೆ ಕಡಿದರೆ ಬುಡದಿಂದ ಇನ್ನೂ ಜಾಸ್ತಿ ಚಿಗುರುತ್ತದೆ. ಮಣ್ಣಿನ ಸ್ವಲ್ಪ ಕೆಳಗೆ ತಾಯಿಬೇರನ್ನೇ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡಬೇಕು. ಅದೂ ಹಣ್ಣಾಗುವ ಮೊದಲು. ಹಣ್ಣಾದರೆ ಹಕ್ಕಿಗಳು ತಿಂದು ಊರೆಲ್ಲ ಬಿತ್ತುತ್ತವೆ. ತೆಗೆದ ಜಾಗಕ್ಕೆ ಮರುವರ್ಷ ಮತ್ತೆ ಹೋಗಿ ಸಣ್ಣ ಸಸಿಗಳನ್ನು ಕೀಳಲೇಬೇಕು.

ಇನ್ನೊಂದು ಮಾತು, ಇದನ್ನು ಜನ ಗಮನಿಸುವುದೇ ಇಲ್ಲ. 1966ರ ಭೂಕಂದಾಯ ನಿಯಮಗಳ 97ನೇ ನಿಯಮದಲ್ಲಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಅನ್ನುವ ಲೆಕ್ಕ ಇದೆ. ಕಾಗದದಲ್ಲಿ ದನ ಕಡಿಮೆಯಾದರೆ ಭೂಮಿ 'ಹೆಚ್ಚುವರಿ' ಆಗುತ್ತದೆ. ಹೆಚ್ಚುವರಿ ಅಂದ ಮೇಲೆ ಬೇರೆಯದಕ್ಕೆ ಕೊಡುವ ದಾರಿ ಸಲೀಸು. ಅದಕ್ಕೇ ಜಾನುವಾರು ಗಣತಿಯವರು ಬಂದಾಗ ನಾವು ಅವರ ಜೊತೆ ಮನೆಮನೆಗೆ ಹೋಗುತ್ತೇವೆ. ಹಟ್ಟಿಯಲ್ಲಿ ಕಟ್ಟಿದ ಕರುವನ್ನೂ ಬರೆಸುತ್ತೇವೆ.

ಹೋದ ಕಾರ್ತಿಕದಲ್ಲಿ ಮುಚ್ಚಿದ ಭಾಗದಲ್ಲಿ ಹುಲ್ಲು ಮೊಣಕಾಲು ಮುಟ್ಟಿತ್ತು. ತೆರೆಯೋಣವೇ ಅಂತ ಕೇಳಿದೆ. ತಾತ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ಊದಿದರು. "ಬೀಜ ಇನ್ನೂ ಹಸಿ. ಹದಿನೈದು ದಿನ ಬಿಡು."