ಟೆಸೆರಾಕ್ಟ್ ಕಟ್ಟಿಕೊಳ್ಳುವಾಗ ಲೈಬ್ರರಿ ಕೈಕೊಟ್ಟರೆ

ಸ್ಕ್ಯಾನ್ ಮಾಡಿದ ಕನ್ನಡ ಪುಟದಿಂದ ಅಕ್ಷರ ಎತ್ತಿಕೊಡುವ ಮುಕ್ತ ತಂತ್ರಾಂಶ ಟೆಸೆರಾಕ್ಟ್. ರಾಯಚೂರು, ಕೊಪ್ಪಳದ ಯಾವುದೇ ಕಾಲೇಜಿನ ಲ್ಯಾಬಿನಲ್ಲಿ ಲಿನಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆ ಉಬುಂಟು 22.04 ಇದ್ದರೆ ಅದರ ಪ್ಯಾಕೇಜ್ ಭಂಡಾರದಲ್ಲಿ ಸಿಗುವುದು 4.1.1 ಆವೃತ್ತಿ. 5ನೆಯದು ಬೇಕೆಂದರೆ ಸೋರ್ಸ್ ಕೋಡ್‌ನಿಂದ (ಪ್ರೋಗ್ರಾಂನ ಮೂಲ ಬರಹದಿಂದ) ಕಂಪೈಲ್ ಮಾಡಿ ಕಟ್ಟಿಕೊಳ್ಳುವುದು ಒಂದು ದಾರಿ. 24.04 ಇದ್ದವರು ಈ ತಾಪತ್ರಯಕ್ಕೆ ಹೋಗಬೇಡಿ, ಅಲ್ಲಿ 5.3.4 ಪ್ಯಾಕೇಜ್ ಆಗಿಯೇ ಇದೆ.

ಗಂಗಾವತಿ, ಸಿಂಧನೂರಿನ ಕಡೆ ಭತ್ತ ಕೊಯ್ಯಲು ಪ್ರತಿ ರೈತನೂ ಯಂತ್ರ ಕೊಳ್ಳುವುದಿಲ್ಲ. ಬಾಡಿಗೆಯ ಒಂದೇ ಯಂತ್ರ ಹತ್ತಾರು ಗದ್ದೆಗೆ ಇಳಿಯುತ್ತದೆ. ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿನ ಕಡತ, ಅಂದರೆ ಶೇರ್ಡ್ ಲೈಬ್ರರಿಯೂ ಹಾಗೆಯೇ. ಚಿತ್ರದ ಕೆಲಸವನ್ನು ಟೆಸೆರಾಕ್ಟ್ ಲೆಪ್ಟೋನಿಕಾ ಎಂಬ ಲೈಬ್ರರಿಗೆ ಬಿಡುತ್ತದೆ, ಲೆಪ್ಟೋನಿಕಾ ಅದನ್ನು ಪಿಎನ್‌ಜಿ, ಟಿಫ್ ಬಗೆಯ ಚಿತ್ರ ಓದುವ ಲಿಬ್‌ಪಿಎನ್‌ಜಿ, ಲಿಬ್‌ಟಿಫ್‌ಗಳಿಗೆ ದಾಟಿಸುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಕೆಲಸ ನಿಲ್ಲುತ್ತದೆ.

ಮೊದಲು ಸಾಮಾನು ಜೋಡಿಸಿಕೊಳ್ಳಿ. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಆಪ್ಟ್ ಆಜ್ಞೆಯ ಮೂಲಕ ಬಿಲ್ಡ್-ಎಸೆನ್ಷಿಯಲ್, ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್, ಪಿಕೆಜಿ-ಕಾನ್ಫಿಗ್ ಹಾಕಿಕೊಳ್ಳಿ. ಜೊತೆಗೆ ಲಿಬ್‌ಲೆಪ್ಟೋನಿಕಾ-ಡೆವ್. ಬಹಳ ಮಂದಿ ಎಡವುವುದು ಆ ಬಾಲದ 'ಡೆವ್' ಬಳಿ. ಲೈಬ್ರರಿ ಯಂತ್ರದಲ್ಲಿ ಆಗಲೇ ಇರುತ್ತದೆ, ಹಳೆಯ ಟೆಸೆರಾಕ್ಟ್ ಓಡುತ್ತಲೂ ಇರುತ್ತದೆ. ಆದರೆ ಹೊಸದನ್ನು ಕಟ್ಟಲು ಬೇಕಾದ ಹೆಡರ್ ಕಡತಗಳು (ಲೈಬ್ರರಿಯ ಫಂಕ್ಷನ್‌ಗಳನ್ನು ಕಂಪೈಲರ್‌ಗೆ ಪರಿಚಯಿಸುವವು) ಡೆವ್ ಪ್ಯಾಕೇಜಿನಲ್ಲಿ ಬೇರೆಯಾಗಿ ಬರುತ್ತವೆ. ಟೆಸೆರಾಕ್ಟ್ 5ಕ್ಕೆ ಲೆಪ್ಟೋನಿಕಾ 1.74 ಅಥವಾ ಹೊಸದು ಸಾಕು, 22.04ರಲ್ಲಿ 1.82 ಇದೆ. ಅದನ್ನೂ ಸೋರ್ಸ್‌ನಿಂದ ಕಟ್ಟುವ ಉಮೇದು ಬೇಡ. ಕಟ್ಟಿದ್ದೇ ಆದರೆ ಪಿಎನ್‌ಜಿಯ ಡೆವ್ ಇಲ್ಲದಿದ್ದರೂ ಅದು ತಕರಾರಿಲ್ಲದೆ ಮುಗಿಯುತ್ತದೆ, ಆಮೇಲೆ ಪಿಎನ್‌ಜಿ ಚಿತ್ರ ಕೊಟ್ಟಾಗ ಮಾತ್ರ ಓದಲಾರೆ ಎನ್ನುತ್ತದೆ.

ಇಳಿಸಿಕೊಂಡ ಟೆಸೆರಾಕ್ಟ್ 5ರ ಸೋರ್ಸ್ ಫೋಲ್ಡರಿನಲ್ಲಿ ಆಟೋಜೆನ್ ಸ್ಕ್ರಿಪ್ಟ್, ಅದರ ಬೆನ್ನಿಗೆ ಬೇಕಾದ್ದೆಲ್ಲ ಯಂತ್ರದಲ್ಲಿದೆಯೇ ಎಂದು ನೋಡುವ ಕಾನ್ಫಿಗರ್ ಓಡಿಸಿ. ಕಾನ್ಫಿಗರ್ ನಿಂತರೆ ಕಾನ್ಫಿಗ್ ಡಾಟ್ ಲಾಗ್ ತೆರೆಯಿರಿ. ಕಡತದ ತುದಿಗೆ ಓಡಬೇಡಿ, ಅಲ್ಲಿರುವುದು ವೇರಿಯಬಲ್‌ಗಳ ಉದ್ದ ಪಟ್ಟಿ. 'ಎರರ್' ಎಂದು ಹುಡುಕಿ, ಮೇಲಿಂದ ಓದಿ.

ಈಗ ಕೋಡನ್ನು ಕಂಪೈಲ್ ಮಾಡಿಸುವ ಮೇಕ್. 4 ಜಿಬಿ ರ‍್ಯಾಮ್ ಇದ್ದರೆ ಏಕಕಾಲಕ್ಕೆ ಎಷ್ಟು ಕೆಲಸ ನಡೆಯಬೇಕೆಂದು ಹೇಳುವ ಜೆ ಆಯ್ಕೆಗೆ 2 ಕೊಡಿ, ಹೆಚ್ಚು ಬೇಡ. ಕಂಪೈಲರ್ 'ಕಿಲ್ಡ್' ಎಂದು ನಿಂತರೆ ಹೆಚ್ಚಾಗಿ ಮೆಮೊರಿ ತೀರಿರುತ್ತದೆ, ಕೋಡ್ ಕೆಟ್ಟಿರುವುದಿಲ್ಲ. ಸಂಖ್ಯೆ ಇಳಿಸಿ ಮತ್ತೆ ಮೇಕ್ ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮುಗಿದ ಮೇಲೆ ನಿರ್ವಾಹಕನ ಅಧಿಕಾರ ಕೊಡುವ ಸುಡೊ ಹಚ್ಚಿ ಮೇಕ್ ಇನ್‌ಸ್ಟಾಲ್.

ಇಷ್ಟೆಲ್ಲ ಆಗಿ ಟೆಸೆರಾಕ್ಟ್ ಕರೆದರೆ 'ಲಿಬ್‌ಟೆಸೆರಾಕ್ಟ್ ಡಾಟ್ ಎಸ್‌ಒ ಡಾಟ್ 5 ತೆರೆಯಲಾಗಲಿಲ್ಲ, ಅಂಥ ಕಡತವಿಲ್ಲ' ಎಂಬರ್ಥದ ಉತ್ತರ ಬರಬಹುದು. ಕಡತ ಯುಎಸ್‌ಆರ್ ಲೋಕಲ್ ಲಿಬ್‌ನಲ್ಲಿ ಕಣ್ಣೆದುರೇ ಇರುತ್ತದೆ! ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಗಳನ್ನು ಹುಡುಕಿ ಜೋಡಿಸುವ ಲೋಡರ್ ಪ್ರತಿ ಫೋಲ್ಡರನ್ನೂ ತಡಕುವುದಿಲ್ಲ, ಸಿದ್ಧವಿರುವ ಕ್ಯಾಶ್ ಪಟ್ಟಿ ನೋಡುತ್ತದೆ. ಹೊಸ ಲೈಬ್ರರಿಯ ಹೆಸರು ಅದರಲ್ಲಿ ಇನ್ನೂ ಸೇರಿರುವುದಿಲ್ಲ. ಸುಡೊ ಜೊತೆ ಎಲ್‌ಡಿಕಾನ್ಫಿಗ್ ಒಮ್ಮೆ ಓಡಿಸಿದರೆ ಪಟ್ಟಿ ಹೊಸದಾಗುತ್ತದೆ.

ಎಲ್‌ಡಿ ಲೈಬ್ರರಿ ಪಾತ್ ಎಂಬ, ಲೈಬ್ರರಿ ಹುಡುಕಬೇಕಾದ ಫೋಲ್ಡರ್ ಹೇಳುವ ವೇರಿಯಬಲ್ ಹಚ್ಚಿಯೂ ದಾಟಬಹುದು. ಪರೀಕ್ಷೆಗಾದರೆ ಸರಿ, ಅದನ್ನು ಟರ್ಮಿನಲ್ ತೆರೆದಾಗಲೆಲ್ಲ ಓದಲಾಗುವ ಬ್ಯಾಶ್‌ಆರ್‌ಸಿಯಲ್ಲಿ ಬರೆದಿಟ್ಟರೆ ಆ ಟರ್ಮಿನಲ್‌ನಿಂದ ಹೊರಡುವ ಬೇರೆ ಪ್ರೋಗ್ರಾಂಗಳೂ ತಪ್ಪು ಲೈಬ್ರರಿ ಎತ್ತಿಕೊಳ್ಳಬಹುದು. ಅದಕ್ಕಿಂತ ಕೆಟ್ಟದ್ದು, 4ರ ಕಡತಕ್ಕೆ 5ರ ಹೆಸರಿನ ಸಿಮ್‌ಲಿಂಕ್ (ಬೇರೆ ಕಡತದತ್ತ ತೋರುವ ಅಡ್ಡಹೆಸರು) ಕಟ್ಟುವುದು. ಆ ಅಂಕಿ ಬದಲಾಗಿದೆ ಎಂದರೆ ಒಳಗಿನ ಫಂಕ್ಷನ್‌ಗಳೂ ಬದಲಾಗಿವೆ ಎಂದರ್ಥ. ಹೆಸರು ಬೇರೆ ಇರುವುದರಿಂದಲೇ 4 ಮತ್ತು 5 ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರುತ್ತವೆ. ಯಾವುದು ಓಡುತ್ತಿದೆ ಎಂಬ ಅನುಮಾನವಿದ್ದರೆ ವಿಚ್ ಕೊಟ್ಟು ಪ್ರೋಗ್ರಾಂನ ದಾರಿ ನೋಡಿ, ಆ ದಾರಿಯನ್ನು ಅದು ಬಳಸುವ ಲೈಬ್ರರಿಗಳ ಪಟ್ಟಿ ತೋರಿಸುವ ಎಲ್‌ಡಿಡಿಗೆ ಕೊಡಿ. 'ನಾಟ್ ಫೌಂಡ್' ಇರುವ ಸಾಲೇ ಕಳಚಿದ ಕೊಂಡಿ.

ಕೊನೆಗೆ ಕನ್ನಡದ ದತ್ತಾಂಶ. ಕಾನ್ ಡಾಟ್ ಟ್ರೇನ್ಡ್‌ಡೇಟಾ ಕಡತವನ್ನು ಯುಎಸ್‌ಆರ್ ಲೋಕಲ್ ಶೇರ್ ಟೆಸ್‌ಡೇಟಾದಲ್ಲಿ ಇಡಬೇಕು. ಆಪ್ಟ್‌ನಿಂದ ಹಾಕಿದ ಕನ್ನಡ ಪ್ಯಾಕೇಜ್ ಬೇರೆ ಫೋಲ್ಡರಿನಲ್ಲಿ ಕೂರುವುದರಿಂದ ಹೊಸ ಟೆಸೆರಾಕ್ಟ್‌ಗೆ ಅದು ಕಾಣದು. ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಎಲ್ ಆಯ್ಕೆಗೆ ಕಾನ್ ಕೊಟ್ಟು ಓಡಿಸಿ.

ಸೋರ್ಸ್ ಫೋಲ್ಡರನ್ನು ಅಳಿಸಬೇಡಿ. ಮುಂದೆ ಇದನ್ನು ತೆಗೆಯುವಾಗ ಆಪ್ಟ್‌ಗೆ ಇದರ ಗುರುತೇ ಇರದು, ಮೇಕ್ ಅನ್‌ಇನ್‌ಸ್ಟಾಲ್ ಅದೇ ಫೋಲ್ಡರಿನಿಂದ ಕೊಡಬೇಕು.