ಒರೆಸಿದ ರಕ್ತ ಕತ್ತಲಲ್ಲಿ ಹೊಳೆಯುವುದು ಹೇಗೆ?

ಕೊಲೆ ನಡೆದ ಮನೆಯ ನೆಲವನ್ನು ಯಾರೋ ತಿಕ್ಕಿ ತಿಕ್ಕಿ ತೊಳೆದಿದ್ದಾರೆ ಅಂದುಕೊಳ್ಳಿ. ಕಣ್ಣಿಗೆ ಒಂದು ಕಲೆಯೂ ಕಾಣುವುದಿಲ್ಲ. ಆದರೆ ಟೈಲ್ಸ್ ಸಂದಿಯಲ್ಲಿ ಚೂರುಪಾರು ರಕ್ತ ಉಳಿದಿರಬಹುದು. ಅದನ್ನು ಬೆಳಗಿಸಿ ತೋರಿಸುವ ರಾಸಾಯನಿಕವೇ ಲೂಮಿನಾಲ್. ಅದು ಬೆಳಕು ಸೂಸುವುದನ್ನು ಆಲ್‌ಬ್ರೆಕ್ಟ್ ಎಂಬ ವಿಜ್ಞಾನಿ 1928ರಲ್ಲಿ ವಿವರಿಸಿದ್ದರು. 1937ರಲ್ಲಿ ಜರ್ಮನಿಯ ವಾಲ್ಟರ್ ಸ್ಪೆಕ್ಟ್ ಅದನ್ನು ರಕ್ತದ ಕಲೆಗಳ ಮೇಲೆ ಸಿಂಪಡಿಸಿ ನೋಡಿದರು.

ಇದರ ಗುಟ್ಟು ಮಜವಾಗಿದೆ. ಪೆರಾಕ್ಸಿಡೇಸ್ ಎಂಬ ಕಿಣ್ವವಿದೆ. ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕರೆ ಸಾಕು, ಅದರ ಬಲದಿಂದ ಬೇರೆ ವಸ್ತುಗಳನ್ನು ಉತ್ಕರ್ಷಿಸುತ್ತದೆ, ಅಂದರೆ ಆಕ್ಸಿಡೈಸ್ ಮಾಡುತ್ತದೆ. ರಕ್ತದ ಹಿಮೋಗ್ಲೋಬಿನ್ ಕಿಣ್ವವೇನಲ್ಲ. ಆದರೂ ಅದರೊಳಗಿನ ಹೀಮ್, ಅಂದರೆ ಕಬ್ಬಿಣವಿರುವ ಭಾಗ, ಅದೇ ಕೆಲಸ ಮಾಡುತ್ತದೆ. ಹೀರೋ ಬದಲು ಡೂಪ್ ಫೈಟ್ ಮಾಡಿದ ಹಾಗೆ! ಆಗ ಲೂಮಿನಾಲ್ ಉತ್ಕರ್ಷಣಗೊಂಡು ನೀಲಿ ಬೆಳಕು ಚೆಲ್ಲುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಲೈಟು ಹಾಕಿಕೊಂಡೇ ಇಡೀ ಕೋಣೆ ನೋಡಬೇಕು. ಫೋಟೊ ತೆಗೆದು, ಕಣ್ಣಿಗೆ ಕಂಡ ಕಲೆಗಳ ಮಾದರಿ ಎತ್ತಿಡಬೇಕು. ಲೂಮಿನಾಲ್‌ನ ಸರದಿ ಆಮೇಲೆ.

ದ್ರಾವಣವನ್ನು ಸ್ಥಳದಲ್ಲೇ, ಬಳಸುವ ಹೊತ್ತಿಗೆ ಕಲಸುತ್ತಾರೆ. ಲೂಮಿನಾಲ್, ಸೋಡಿಯಂ ಕಾರ್ಬೊನೇಟ್ (ನಮ್ಮ ವಾಷಿಂಗ್ ಸೋಡಾ), ಸೋಡಿಯಂ ಪರ್ಬೊರೇಟ್ ಮತ್ತು ನೀರು. ಪರ್ಬೊರೇಟ್ ನೀರಿನಲ್ಲಿ ಕರಗಿ ಪೆರಾಕ್ಸೈಡ್ ಕೊಡುತ್ತದೆ. ಕಲಸಿಟ್ಟು ಹೊತ್ತಾದರೆ ದ್ರಾವಣದ ಕಸುವು ಇಳಿಯುತ್ತದೆ.

ಆಮೇಲೆ ಒಂದು ಚಿಕ್ಕ ಪರೀಕ್ಷೆ. ರಕ್ತವೆಂದು ಗೊತ್ತಿರುವ ಒಂದು ಕಲೆ, ಪಕ್ಕದಲ್ಲಿ ಒಂದು ಚೊಕ್ಕ ಬಟ್ಟೆ. ಮೊದಲನೆಯದು ಹೊಳೆಯಬೇಕು, ಎರಡನೆಯದು ಹೊಳೆಯಬಾರದು. ಇದನ್ನು ಬಿಟ್ಟರೆ ಮುಂದಿನದೆಲ್ಲ ಸುಮ್ನೆ.

ಈಗ ಕಿಟಕಿ ಮುಚ್ಚಿ, ಲೈಟು ಆರಿಸಿ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮಂಜಿನಂತೆ ತೆಳ್ಳಗೆ ಸಿಂಪಡಿಸಬೇಕು. ಜಾಸ್ತಿ ಹಾಕಿದರೆ ಕಲೆ ಹರಿದು ಆಕಾರ ಕೆಡುತ್ತದೆ, ರಕ್ತವೂ ಇನ್ನಷ್ಟು ತೆಳುವಾಗುತ್ತದೆ.

ನಿಜವಾದ ಜಾಣ್ಮೆ ಬೇಕಾಗುವುದು ಇಲ್ಲಿ. ನೀಲಿ ಕಂಡ ತಕ್ಷಣ ರಕ್ತ ಅಂತ ಕೂಗುವ ಹಾಗಿಲ್ಲ. ನೆಲಕ್ಕೆ ಬ್ಲೀಚ್ ಹಾಕಿದ್ದರೆ ಅದೂ ಹೊಳೆಯುತ್ತದೆ. ಆದರೆ ಅದು ಫಳಕ್ಕನೆ ಮಿಂಚಿ ಬೇಗ ಆರುತ್ತದೆ. ರಕ್ತದ ಬೆಳಕು ಅದಕ್ಕಿಂತ ನಿಧಾನವಾಗಿ ಮಂಕಾಗುತ್ತದೆ. ತಾಮ್ರದ ಚೊಂಬೂ ಮೋಸ ಮಾಡಬಲ್ಲದು. ಇನ್ನು ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚಿದ ಮಣೆ ಸಿಕ್ಕರೆ? ಮೂಲಂಗಿಯಲ್ಲಿ ಇರುವುದು ಅಸಲಿ ಪೆರಾಕ್ಸಿಡೇಸ್! ಡೂಪ್‌ಗಾಗಿ ಕಾದು ಕೂತರೆ ಹೀರೋನೇ ಬಂದು ಕೆಲಸ ಕೆಡಿಸಿದ ಕಥೆ. ಅದಕ್ಕೇ ಎಲ್ಲಿ ಹೊಳೆಯಿತು ಎನ್ನುವುದರ ಜೊತೆಗೆ ಹೇಗೆ ಹೊಳೆಯಿತು ಎನ್ನುವುದನ್ನೂ ಬರೆದಿಡಬೇಕು. ಒರೆಸುಬಟ್ಟೆ ಎಳೆದ ಗೆರೆಯೇ, ಹೆಜ್ಜೆ ಗುರುತೇ, ಚಿಮ್ಮಿದ ಹನಿಗಳೇ? ಇದು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಹೊಳೆದ ಜಾಗಕ್ಕೆ ಗುರುತು ಹಾಕಿ, ಫೋಟೊ ಆದ ಮೇಲೆ ಲೈಟು ಹಾಕಿ. ಹತ್ತಿ ಸುತ್ತಿದ ಕಡ್ಡಿಯಿಂದ ಅಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಕಾಗದದ ಲಕೋಟೆಗೆ ಹಾಕುತ್ತಾರೆ. ಪ್ಲಾಸ್ಟಿಕ್ ಕವರ್ ಬೇಡ, ತೇವ ನಿಂತು ಬೂಸ್ಟು ಹಿಡಿಯುತ್ತದೆ. ಅದು ರಕ್ತವೇ, ಮನುಷ್ಯರದೇ, ಯಾರದು ಎನ್ನುವುದನ್ನು ಲ್ಯಾಬ್‌ನಲ್ಲಿ ಬೇರೆ ಪರೀಕ್ಷೆಗಳು ಮತ್ತು ಡಿಎನ್ಎ ನೋಡಿಕೊಳ್ಳುತ್ತವೆ.