ದುರ್ಗದ ಅರಮನೆಯ ಹಳೇ ಫೋಟೋ ಓದುವುದು ಹೇಗೆ?

ಚಿತ್ರದುರ್ಗದ ಕೋಟೆ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಗೊತ್ತಾಗಿದ್ದು 1839ರಲ್ಲಿ. ಹಾಗಾಗಿ ಮದಕರಿ ನಾಯಕ ಬಾಳಿದ ಅರಮನೆಯನ್ನು ಯಾವ ಕ್ಯಾಮೆರಾವೂ ಕಂಡಿಲ್ಲ. ‘ನಾಯಕರ ಕಾಲದ ಫೋಟೋ’ ಅಂತ ಯಾರಾದರೂ ಮಾರಲು ಬಂದರೆ ನಕ್ಕು ಕಳಿಸಿ. ಫೋಟೋ ಹೇಳುವುದೆಲ್ಲ ಪಾಳುಬಿದ್ದ ಮೇಲಿನ ಕತೆ: ಯಾವ ಮಣ್ಣಿನ ಗೋಡೆ ಎಷ್ಟೆತ್ತರ ಉಳಿದಿತ್ತು, ಎಲ್ಲಿ ಕರಗಿತು, ಎಲ್ಲಿ ದುರಸ್ತಿಯಾಯಿತು.

ಮೊದಲು ಸ್ಕ್ಯಾನ್. 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕು, ಅಂಗೈಗಿಂತ ಚಿಕ್ಕ ಪ್ರಿಂಟಿಗೆ 1200. ಟಿಫ್ ಫೈಲಾಗಿ ಉಳಿಸಿ, ಹಿಂಬದಿಯನ್ನೂ ಮಾಡಿ. ಒದ್ದೆ ಬಟ್ಟೆ ಮಾತ್ರ ತಾಗಿಸಬೇಡಿ, ಚಿತ್ರ ಹಿಡಿದಿರುವ ಜೆಲಟಿನ್ ಪದರ ಉಬ್ಬಿ ಬಟ್ಟೆಗೇ ಅಂಟಿಕೊಳ್ಳುತ್ತದೆ.

ಫೋಟೋ ತೆಗೆದ ಜಾಗ ಹುಡುಕುವುದೇ ಮುಖ್ಯ ಕೆಲಸ. ಗೋಡೆಯನ್ನು ನಂಬಬೇಡಿ, ಅದು ಸವೆದಿದೆ, ಬಂಡೆಯನ್ನು ನಂಬಿ. ಫೋಟೋದಲ್ಲಿ ಹತ್ತಿರದ ಬಂಡೆಯ ಅಂಚು ದೂರದ ಬತೇರಿಯ (ಕೋಟೆಯ ಬುರುಜಿನ) ಯಾವ ಭಾಗವನ್ನು ಮುಟ್ಟುತ್ತದೆ ಅಂತ ಗುರುತು ಮಾಡಿಕೊಂಡು ಬೆಟ್ಟ ಹತ್ತಿ. ಒಂದು ಹೆಜ್ಜೆ ಅತ್ತಿತ್ತ ಸರಿದರೂ ಆ ಎರಡರ ನಡುವೆ ಆಕಾಶ ಇಣುಕುತ್ತದೆ, ಇಲ್ಲವೇ ಬತೇರಿ ಬಂಡೆಯ ಹಿಂದೆ ಮರೆಯಾಗುತ್ತದೆ. ಇಂಥ ಎರಡು ಜೋಡಿ ಒಟ್ಟಿಗೆ ಕೂಡಿದ ಕಡೆಯೇ ಕ್ಯಾಮೆರಾ ನಿಂತಿದ್ದ ಜಾಗ. ಎಷ್ಟು ಸುತ್ತಿದರೂ ಕೂಡದಿದ್ದರೆ ಫೋಟೋವನ್ನು ಕನ್ನಡಿಯಲ್ಲಿ ನೋಡಿ: ಗಾಜಿನ ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದರೆ ಎಡ ಬಲವಾಗಿರುತ್ತದೆ.

ನೆರಳು ತಿಂಗಳನ್ನೂ ಹೇಳುತ್ತದೆ. ದುರ್ಗ ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಡುಹಗಲಿನ ನೆರಳು ದಕ್ಷಿಣಕ್ಕೆ ಬಿದ್ದಿದ್ದರೆ ಅದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗಿನ ಫೋಟೋ. ಉಳಿದ ತಿಂಗಳಲ್ಲಿ ಉತ್ತರಕ್ಕೆ ಬೀಳುತ್ತದೆ. ಇಸವಿಗೆ ಇದು ಉಪಯೋಗವಿಲ್ಲ, ಅದಕ್ಕೆ ವಿದ್ಯುತ್ ಕಂಬ, ಬೇಲಿ, ಸೂಚನಾ ಫಲಕ ನೋಡಿ.

ಈಗ ಗೋಡೆ. ಹಳೇ ಪ್ರಿಂಟಿನಲ್ಲಿ ಗೋಡೆಯ ನೆತ್ತಿ ಮಳೆಗೆ ಕರಗಿ ದುಂಡಗಿದ್ದು, ಇವತ್ತು ಚಪ್ಪಟೆಯಾಗಿ ನೇರ ಅಂಚು ಕಂಡರೆ ಅದು ಆಮೇಲಿನ ದುರಸ್ತಿ, ನಾಯಕರ ಕೆಲಸವಲ್ಲ. ಬುಡದಲ್ಲಿ ಹೊಟ್ಟೆ ಒಳಗೆ ಹೋದಂತೆ ಕಂಡರೆ ನೆಲದ ತೇವ, ಉಪ್ಪು ಮಣ್ಣನ್ನು ತಿಂದಿವೆ; ಮುಂದೆ ಅದೇ ಜಾಗ ಕುಸಿದಿರಬಹುದು, ಮುಂದಿನ ಫೋಟೋದಲ್ಲಿ ಹುಡುಕಿ.

ತೂತುಗಳನ್ನು ಅವಸರದಲ್ಲಿ ಓದಬೇಡಿ. ಒಂದೇ ಮಟ್ಟದಲ್ಲಿ, ಸಮ ಅಂತರದಲ್ಲಿ ದೊಡ್ಡ ತೂತುಗಳ ಒಂದೇ ಸಾಲಿದ್ದರೆ ಅಲ್ಲಿ ತೊಲೆ ಕೂತಿತ್ತು, ಅಂದರೆ ಮೇಲೊಂದು ಅಂತಸ್ತೋ ಮಾಳಿಗೆಯೋ ಇತ್ತು. ಚಿಕ್ಕ ತೂತುಗಳು ಮೇಲಿಂದ ಕೆಳಗೆ ಹಲವು ಸಾಲಾಗಿದ್ದರೆ ಬಹುಮಟ್ಟಿಗೆ ಅವು ಗೋಡೆ ಕಟ್ಟುವಾಗ ಸಾರುವೆ ಕಟ್ಟಿದ ಗುರುತು. ಅವನ್ನು ಎಣಿಸಿಕೊಂಡು ಅರಮನೆಗೆ ಐದಂತಸ್ತು ಏರಿಸಬೇಡಿ.